ವಾಕಿಂಗ್ ಕ್ಯಾಲೊರಿ: ಸೋಮವಾರದಿಂದ ಹೀಗೆ ಲೆಕ್ಕ ಹಾಕಿ

ಎಲ್ಲರಿಗೂ ನಮಸ್ಕಾರ 🙏

ತೂಕ ಇಳಿಸುತ್ತಿರುವವರು ಗಮನಿಸಿ. ವಾಚ್ ತೋರಿಸಿದ ಕ್ಯಾಲೊರಿಯನ್ನು ಪೂರ್ತಿ ತಿಂದು ತುಂಬಿಸಬೇಡಿ. 70 ಕೆಜಿ ಇರುವವರು ಒಂದು ಗಂಟೆಯಲ್ಲಿ 5 ಕಿ.ಮೀ. ನಡೆದರೆ ಹೆಚ್ಚುವರಿ ಖರ್ಚು ಸುಮಾರು 175 ಕ್ಯಾಲೊರಿ. ವಾಚ್‌ನ ‘ಟೋಟಲ್’ 250ರ ಹತ್ತಿರ ಇರುತ್ತದೆ, ಸುಮ್ಮನೆ ಕೂತಿದ್ದರೂ ಖರ್ಚಾಗುತ್ತಿದ್ದ 70 ಅದರಲ್ಲೇ ಸೇರಿರುತ್ತದೆ. ಒಂದು ಮಸಾಲೆ ದೋಸೆ ತಿಂದರೆ ಅಷ್ಟೂ ಹೋಯಿತು.

ಕ್ಯಾಲೊರಿ ಲೆಕ್ಕ ಹಾಕುವ ಆ್ಯಪ್‌ನಲ್ಲಿ ನಿಮ್ಮ ದಿನದ ಚಟುವಟಿಕೆಯ ಸೆಟ್ಟಿಂಗ್ ನೋಡಿ. ‘ಆ್ಯಕ್ಟಿವ್’ ಇದ್ದರೆ ವ್ಯಾಯಾಮ ಆಗಲೇ ಲೆಕ್ಕದಲ್ಲಿದೆ, ಮತ್ತೆ ಸೇರಿಸಬೇಡಿ. ‘ಸೆಡೆಂಟರಿ’ (ಹೆಚ್ಚು ಹೊತ್ತು ಕೂತೇ ಇರುವವರು) ಇದ್ದರೆ ನಡಿಗೆಯ ಹೆಚ್ಚುವರಿ ಖರ್ಚಿನ ಅರ್ಧದಷ್ಟು ಮಾತ್ರ ತಿನ್ನಿ: ಮೊಟ್ಟೆ, ಮೊಸರು, ಹೆಸರುಕಾಳು ಉಸಲಿ. ಒಗ್ಗರಣೆ ಎಣ್ಣೆ ಅಳೆದೇ ಹಾಕಿ, ಒಂದು ಟೀ ಚಮಚಕ್ಕೇ ಸುಮಾರು 45 ಕ್ಯಾಲೊರಿ. ಬಹಳ ಜನರ ಲೆಕ್ಕ ತಪ್ಪುವುದು ಇಲ್ಲೇ.

ತಲೆಸುತ್ತು, ಸುಸ್ತು ಬಂದರೆ ಊಟ ಕಡಿಮೆ ಮಾಡುವುದನ್ನು ನಿಲ್ಲಿಸಿ. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಲೇಬೇಡಿ.

ನಿಮ್ಮ ಸೆಟ್ಟಿಂಗ್ ಯಾವುದೆಂದು ಭಾನುವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.