ಒಂಬತ್ತು ಭೇಟಿಗಳ ಖರ್ಚಿಗೆ ನಿಮ್ಮ ನೆರವು ಬೇಕು

ಆತ್ಮೀಯರೇ,

ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರ ಎಲ್ಲರೂ ಬರುತ್ತಾರೆ. ಎಳನೀರು, ಬ್ರೆಡ್ಡು, ಬಾಳೆಹಣ್ಣು, ಜೊತೆಗೆ ರಾಶಿ ಬುದ್ಧಿಮಾತು. ಎರಡನೇ ವಾರಕ್ಕೆ ಅರ್ಧ ಜನ. ತಿಂಗಳಾಗುವ ಹೊತ್ತಿಗೆ ಬಾಗಿಲು ತಟ್ಟುವವರು ಸಾಲ ಕೊಟ್ಟವರು ಮಾತ್ರ. ಪ್ರಾಣ ಕಳೆದುಕೊಳ್ಳಲು ಹೋಗಿ ಉಳಿದವರಿಗೆ ಜನ ಬೇಕಾಗುವುದು ಆಗಲೇ.

ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ನಮ್ಮ ಟ್ರಸ್ಟ್ ಮಾಡುವ ಕೆಲಸ ಇಷ್ಟೇ: ಅಂಥವರ ಮನೆಗೆ ಹೋಗುವುದು, ಹೋಗುತ್ತಲೇ ಇರುವುದು. 18 ತಿಂಗಳಲ್ಲಿ ಒಂಬತ್ತು ಸಲ. ಈ ಲೆಕ್ಕ ನಮ್ಮದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿ ಐದು ಕಡೆ ಮಾಡಿ ನೋಡಿ, 2008ರಲ್ಲಿ ಫಲಿತಾಂಶ ಹೇಳಿತು. ಹೀಗೆ ಯಾರನ್ನು ವಿಚಾರಿಸಿಕೊಂಡರೋ ಅವರಲ್ಲಿ ಆತ್ಮಹತ್ಯೆಯಿಂದ ಸತ್ತವರು ಶೇ. 0.2. ಮಾಮೂಲಿ ಚಿಕಿತ್ಸೆಯಷ್ಟೇ ಸಿಕ್ಕವರಲ್ಲಿ ಶೇ. 2.2.

ನಮ್ಮ ಕಾರ್ಯಕರ್ತೆ ಕಟ್ಟೆ ಮೇಲೆ ಕೂತು ಮೊದಲು ಗೋವಿನಜೋಳದ ರೇಟು ಕೇಳುತ್ತಾಳೆ. 'ಅಕ್ಕಾರ, ಚಾ ಕುಡೀರಿ' ಅನ್ನುವ ತನಕ ಬೇರೆ ಮಾತಿಲ್ಲ. ಆಮೇಲೆ ನೇರವಾಗಿ, 'ಸಾಯಬೇಕು ಅನ್ನೋ ವಿಚಾರ ಮತ್ತ ಬಂದೈತೇನ್ರಿ?' ಹೀಗೆ ಕೇಳಿದರೆ ಇಲ್ಲದ್ದು ತಲೆಗೆ ಹೊಕ್ಕೀತು ಅಂತ ಹೆದರುತ್ತೇವೆ ಅಲ್ವಾ? ಹಾಗೇನೂ ಆಗುವುದಿಲ್ಲ. ಕೇಳಿದ್ದಕ್ಕೆ ಹಗುರಾಗುವವರೇ ಜಾಸ್ತಿ.

ಮಾತಿನಲ್ಲಿ ಮುಗಿಯದ್ದೂ ಇರುತ್ತದೆ. ನಿದ್ದೆ ಬಾರದವರನ್ನು ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ತೊಂದರೆ ನೋಡುವ ಮನೋಚೈತನ್ಯ ಕ್ಲಿನಿಕ್‌ಗೆ ಕರೆದೊಯ್ಯಬೇಕು. ಸಾಲದ ತಾಪತ್ರಯವಾದರೆ, ಅವರ ಒಪ್ಪಿಗೆ ಕೇಳಿ, ಸೊಸೈಟಿ ಕಾರ್ಯದರ್ಶಿ ಜೊತೆ ಕೂರಬೇಕು. ಮಗಳು ಶಾಲೆ ಬಿಟ್ಟಿದ್ದರೆ ಮೇಷ್ಟ್ರ ಹತ್ತಿರ ಹೋಗಬೇಕು. ಇವರೆಲ್ಲ ಒಳ್ಳೆಯವರೇ. ಆದರೆ ಒಬ್ಬರಿಗೆ ಗೊತ್ತಾದದ್ದು ಇನ್ನೊಬ್ಬರಿಗೆ ಮುಟ್ಟುವುದಿಲ್ಲ. ಆ ನಡುವಿನ ಓಡಾಟವೇ ನಮ್ಮ ಕೆಲಸ, ಖರ್ಚೂ ಅದೇ. ಆತ್ಮಹತ್ಯೆಯ ಸಾವುಗಳನ್ನು 2030ರೊಳಗೆ ಶೇ. 10ರಷ್ಟು ಇಳಿಸುವ ರಾಷ್ಟ್ರೀಯ ಕಾರ್ಯನೀತಿ 2022ರಲ್ಲಿ ಬಂತು. ಎಲ್ಲ ಇಲಾಖೆಗಳೂ ಕೈಜೋಡಿಸಬೇಕು ಅನ್ನುತ್ತದೆ. ಅದೇ ವರ್ಷ ನಮ್ಮ ರಾಜ್ಯ ಒಂದರಲ್ಲೇ 13,606 ಜನ ಹೋದರು. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ, ಹಳ್ಳಿಗೆ ಬಂದರೆ ಆಟೋ ಬಾಡಿಗೆ ಬೇಕು. (ಶಕ್ತಿ ಯೋಜನೆಯಿಂದ ಬಸ್ ಚಾರ್ಜು ಉಳಿದಿದೆ. ಬಸ್ಸೇ ಬಾರದ ಊರಿಗೆ ಏನು ಮಾಡೋಣ?)

ಕೆಲವು ದಾನಿಗಳು ಕೀಟನಾಶಕ ಇಡಲು ಮನೆಮನೆಗೆ ಬೀಗದ ಪೆಟ್ಟಿಗೆ ಕೊಡಿಸುತ್ತೇವೆ ಅಂದರು. ಹೆಸರು ಬರೆಸಿದ ಪೆಟ್ಟಿಗೆ ಫೋಟೋಗೆ ಚೆಂದ, ನಿಜ. ಆದರೆ ಶ್ರೀಲಂಕಾದಲ್ಲಿ ಇದನ್ನು ದೊಡ್ಡದಾಗಿ ಪರೀಕ್ಷಿಸಿದ್ದರು. 2017ರಲ್ಲಿ ಬಂದ ಫಲಿತಾಂಶದಲ್ಲಿ ಉಪಯೋಗ ಕಾಣಲಿಲ್ಲ. ಅಲ್ಲಿ ಸಾವು ಇಳಿದದ್ದು ತೀರಾ ಅಪಾಯದ ಕೀಟನಾಶಕಗಳನ್ನು ಸರ್ಕಾರವೇ ನಿಷೇಧಿಸಿದಾಗ. ಅದು ನಮ್ಮ ಕೈಯಲ್ಲಿಲ್ಲ. ಹಾಗಾಗಿ ಪೆಟ್ಟಿಗೆ ಬೇಡ, ಆ ದುಡ್ಡನ್ನು ಓಡಾಟಕ್ಕೆ ಕೊಡಿ ಅಂದೆವು. ಒಬ್ಬರು ಬೇಜಾರಾದರು, ಇಬ್ಬರು ಕೊಟ್ಟರು.

ಒಂದು ಭೇಟಿಗೆ ಗೌರವಧನ, ಆಟೋ, ಫೋನು ಸೇರಿ ₹400. ಒಬ್ಬರ ಒಂಬತ್ತು ಭೇಟಿಗೆ ₹3,600. ಈ ವರ್ಷ 60 ಮನೆಗಳಿಗೆ ಹೋಗಬೇಕೆಂದಿದ್ದೇವೆ. ಒಂದೇ ಭೇಟಿಯದು ಕೊಟ್ಟರೂ ಸಂತೋಷ. ನಗದು, ಚೆಕ್ ಯಾವುದಾದರೂ ಸರಿ, ಟ್ರಸ್ಟ್ ಕಚೇರಿಯಲ್ಲಿ ರಸೀದಿ ಕೊಡುತ್ತೇವೆ. ನೆರವು ಪಡೆದವರ ಹೆಸರು, ಫೋಟೋ ಮಾತ್ರ ಕೇಳಬೇಡಿ, ಕೊಡುವುದಿಲ್ಲ. ಲೆಕ್ಕದ ಪುಸ್ತಕ ಯಾವಾಗ ಬಂದರೂ ನೋಡಬಹುದು.

ಇದನ್ನು ಓದುತ್ತಾ ನಿಮಗೇ ಎದೆ ಭಾರವಾದರೆ ದೇಣಿಗೆ ವಿಚಾರ ಬಿಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಇಂತಿ,
ಟ್ರಸ್ಟ್‌ನ ಕಾರ್ಯದರ್ಶಿ ಮತ್ತು ಸದಸ್ಯರು