ಸಕ್ಕರೆ ಅಳೆಯುವವರು ಮನಸ್ಸನ್ನೂ ವಿಚಾರಿಸಲಿ

ಮಾನ್ಯರೇ,

ನಾನು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ನರ್ಸ್. ಇಲ್ಲಿನ ಮೆಕ್ಸಿಕನ್-ಅಮೆರಿಕನ್ ಹೆಂಗಸರಲ್ಲಿ ಮಧುಮೇಹ ಹೆಚ್ಚು ಎಂಬುದು ಹೊಸ ಸುದ್ದಿಯಲ್ಲ. 1979ರಲ್ಲಿ ಇದೇ ಊರಲ್ಲಿ ಶುರುವಾದ ಹೃದಯ ಅಧ್ಯಯನ ಅದನ್ನು ಎಂದೋ ತೋರಿಸಿದೆ. ನಾನು ಬರೆಯುತ್ತಿರುವುದು ಅದಕ್ಕೆ ಅಂಟಿಕೊಂಡೇ ಇರುವ ಖಿನ್ನತೆಯ ಬಗ್ಗೆ.

ಸಕ್ಕರೆ ಕಾಯಿಲೆ ಯಾವಾಗ ಬಂತು ಎಂದರೆ ಎಷ್ಟೋ ಜನ "ಸುಸ್ತೋ ಆದಮೇಲೆ" ಎನ್ನುತ್ತಾರೆ. ನಮ್ಮ ಸುಸ್ತಲ್ಲ ಅದು. ಸ್ಪ್ಯಾನಿಷ್‌ನಲ್ಲಿ ಸುಸ್ತೋ ಎಂದರೆ ಎದೆ ನಡುಗಿಸಿದ ಭಯ, ಆಘಾತ. ಮೊನ್ನೆ ಒಬ್ಬ ಅಜ್ಜಿ, ಮಗ ತೀರಿಕೊಂಡ ದಿನದಿಂದಲೇ ಲೆಕ್ಕ ಹೇಳಿದರು. ಮಾತು ಮುಗಿಯುವಷ್ಟರಲ್ಲಿ ಕೈಯಲ್ಲಿದ್ದ ಔಷಧಿ ಚೀಟಿಯನ್ನು ಮಡಿಸಿ ಮಡಿಸಿ ಉಗುರಿನಷ್ಟು ಮಾಡಿದ್ದರು. ಇಂಥ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕಿದಾಗ ನನಗೆ ಸಂಕಟವಾಗುತ್ತದೆ. ಬಹುಕಾಲ ಕಾಡುವ ಖಿನ್ನತೆಯಲ್ಲಿ ಒತ್ತಡದ ಹಾರ್ಮೋನ್ ಆದ ಕಾರ್ಟಿಸಾಲ್ ಏರುಪೇರಾಗಿ ಹೊಟ್ಟೆಯ ಬೊಜ್ಜು, ರಕ್ತದ ಸಕ್ಕರೆ ಹೆಚ್ಚಬಹುದು. ನಿದ್ದೆ ಕೆಡುತ್ತದೆ, ಮಾತ್ರೆ ತಪ್ಪುತ್ತದೆ. ಮಧುಮೇಹಿಗಳಿಗೆ ಖಿನ್ನತೆ ತಗಲುವ ಸಾಧ್ಯತೆಯೂ ಹೆಚ್ಚು.

ಸೊಂಟದ ಸುತ್ತಳತೆ, ಬಿಪಿ, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಎಲ್ಲ ಬರೆದುಕೊಳ್ಳುತ್ತೇವೆ, ಮನಸ್ಸನ್ನು ಮಾತ್ರ ವಿಚಾರಿಸುವುದಿಲ್ಲ. ಖಿನ್ನತೆ ಗುರುತಿಸುವ 9 ಪ್ರಶ್ನೆಗಳ ಪಟ್ಟಿ ಸ್ಪ್ಯಾನಿಷ್‌ನಲ್ಲೂ ಇದೆ. ಕೆಲವೇ ನಿಮಿಷ ಸಾಕು. ಈ ಹೆಂಗಸರದೇ ಓಣಿಯ ಆರೋಗ್ಯ ಕಾರ್ಯಕರ್ತೆ, ಇಲ್ಲಿಯವರು ಪ್ರೊಮೊತೋರಾ ಎನ್ನುವ ಹೆಂಗಸು, ಪಕ್ಕ ಕೂತು ಕೇಳಿದರೆ ಮನಸ್ಸು ಬಿಚ್ಚುತ್ತಾರೆ. ಕ್ಲಿನಿಕ್‌ಗಳು ಈ ಕಾರ್ಯಕರ್ತೆಯರನ್ನು ಸಂಬಳ ಕೊಟ್ಟು ಕಾಯಂ ಮಾಡಿಕೊಳ್ಳಲಿ.

– ಓರ್ವ ಓದುಗಿ, ಸ್ಯಾನ್ ಆಂಟೋನಿಯೋ