ಸಮಿತಿ ಇರಲಿ, ಆದರೆ ಆರಿಸುವವರು ನಾವಾಗಿರಲಿ: ಕಾರ್ಮಿಕ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ರಾಜ್ಯ ಕಾರ್ಮಿಕ ಸಚಿವರೇ,

ಸಂಘ ಬೇಡ, ಮಾಲೀಕರ ಕಡೆಯವರೂ ಕಾರ್ಮಿಕರ ಪ್ರತಿನಿಧಿಗಳೂ ಕೂರುವ ಸಮಿತಿ ಸಾಕು ಎಂಬ ಮಾತು ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹಳೆಯದು. ಹೊರಗಿನ ಮುಖಂಡರು ಬಂದರೆ ಕೆಲಸ ಕೆಡುತ್ತದೆ, ಒಳಗಿನವರೇ ಕೂತು ಮಾತನಾಡಿಕೊಂಡರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ನಾನು ಈ ವಾದವನ್ನು ಕೇಳಿದ ಕೂಡಲೇ ತಳ್ಳಿಹಾಕುವವಳಲ್ಲ. ಬೆಂಗಳೂರಿನ ಮೈಸೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಟೈಲರ್ ಆಗಿದ್ದವಳು ನಾನು. ನನ್ನ ಲೈನ್‌ನಲ್ಲಿ ಸಂಘ ಸೇರಿದವರು ಒಬ್ಬರೂ ಇರಲಿಲ್ಲ. ಸಂಜೆ ಸಭೆ ಎಂದರೆ ಯಾರು ಬರುತ್ತಾರೆ? ಮಗುವನ್ನು ಕರೆತರಬೇಕು, ನೀರು ಹಿಡಿಯಬೇಕು, ಅಡುಗೆ ಆಗಬೇಕು. ಸಂಘದ ಹೆಸರೆತ್ತಿದರೆ ಕೆಲಸ ಹೋದೀತೆಂಬ ಭಯ ಬೇರೆ. ಕೆಲಸದ ವೇಳೆಯಲ್ಲೇ, ಕಾರ್ಖಾನೆಯ ಒಳಗೇ ಕೂರುವ ಸಮಿತಿ ನಮ್ಮಂಥವರಿಗೆ ಉಪಯೋಗಕ್ಕೆ ಬರಬಹುದಿತ್ತು.

ಬರಲಿಲ್ಲ. ಸಮಿತಿಯಲ್ಲಿ ಯಾರಿರಬೇಕೆಂದು ಎಚ್‌ಆರ್‌ನವರು ತೀರ್ಮಾನಿಸುತ್ತಿದ್ದರು. ನಾವು ಹೊಲಿದ ಬಟ್ಟೆ ಕೊಳ್ಳುವ ವಿದೇಶಿ ಬ್ರ್ಯಾಂಡಿನವರ ಆಡಿಟ್, ಅಂದರೆ ತಪಾಸಣೆ, ಹತ್ತಿರವಾದಾಗ ನೋಟಿಸ್ ಬೋರ್ಡಿಗೆ ಫೋಟೊ ಸಮೇತ ಪಟ್ಟಿ ಏರುತ್ತಿತ್ತು. ನನ್ನ ಪಕ್ಕದ ಮೆಷಿನ್ನಿನವಳಿಗೆ ತಾನು ಕಾರ್ಮಿಕ ಪ್ರತಿನಿಧಿ ಎಂಬುದು ಗೊತ್ತಾದದ್ದೇ ಆ ಬೋರ್ಡ್ ನೋಡಿ. ತಿಂಗಳಿಗೊಮ್ಮೆ ಸಭೆ ನಡೆಯುತ್ತದೆ ಎಂದು ಆಡಿಟ್‌ನವರಿಗೆ ಹೇಳಬೇಕೆಂದು ಸೂಪರ್‌ವೈಸರ್ ಅವಳಿಗೆ ಪಾಠ ಮಾಡಿದ. ಸಹಿ ಹಾಕಿಸಿಕೊಂಡ ನಡಾವಳಿ ಪುಸ್ತಕ ಇಂಗ್ಲಿಷಿನಲ್ಲಿತ್ತು. ಚೆಕಿಂಗ್‌ನ ಹುಡುಗಿಯೊಬ್ಬಳು ಓದಿ ಹೇಳಿದಳು: ಕುಡಿಯುವ ನೀರು, ಶೌಚಾಲಯದ ಸ್ವಚ್ಛತೆ, ಆಯುಧಪೂಜೆಯ ಸಿಹಿ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ಟಿನ ಸುದ್ದಿಯೇ ಇರಲಿಲ್ಲ. ಟಾರ್ಗೆಟ್ ಮುಟ್ಟದಿದ್ದರೆ ಬೀಳುವ ಬೈಗುಳದ ಸುದ್ದಿಯಂತೂ ಎಲ್ಲಿಂದ ಬರಬೇಕು?

2016ರ ಏಪ್ರಿಲ್ ನಿಮಗೆ ನೆನಪಿರಬಹುದು. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ ಹೊಸೂರು ರಸ್ತೆಗೆ, ಮರುದಿನ ತುಮಕೂರು ರಸ್ತೆಗೆ ಸಾವಿರಾರು ಹೆಂಗಸರು ಇಳಿದರು. ಕರೆ ಕೊಟ್ಟ ಸಂಘವಿರಲಿಲ್ಲ, ಮುಂದೆ ನಿಂತ ನಾಯಕರಿರಲಿಲ್ಲ. ಲಾಠಿ ಬೀಸಿತು, ಬಸ್‌ಗಳು ಉರಿದವು, ಎರಡೇ ದಿನದಲ್ಲಿ ನಿಯಮ ವಾಪಸಾಯಿತು. ಅದನ್ನು ಗೆಲುವು ಎನ್ನುವವರಿದ್ದಾರೆ, ಗೆಲುವೇ ಸರಿ. ಆದರೆ ಅಷ್ಟು ದೊಡ್ಡ ಸಿಟ್ಟು ಒಳಗೆ ಕುದಿಯುತ್ತಿದ್ದಾಗ ಕಾಗದದ ಮೇಲಿದ್ದ ಸಮಿತಿಗಳಿಗೆ ಅದರ ಸುಳಿವೂ ಸಿಗಲಿಲ್ಲವೇ?

2025ರ ನವೆಂಬರ್ 21ರಿಂದ ಕೇಂದ್ರದ ಹೊಸ ಕಾರ್ಮಿಕ ಕಾನೂನಾದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. 20 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಗರಿಷ್ಠ 10 ಸದಸ್ಯರು, ಮಾಲೀಕರ ಮತ್ತು ಕಾರ್ಮಿಕರ ಕಡೆಯಿಂದ ಸಮ ಸಂಖ್ಯೆ, ಕೆಲಸಗಾರರಲ್ಲಿ ಹೆಂಗಸರು ಎಷ್ಟು ಪಾಲಿದ್ದಾರೋ ಸಮಿತಿಯಲ್ಲೂ ಅದಕ್ಕೆ ಕಡಿಮೆಯಿಲ್ಲದ ಪಾಲು, 30 ದಿನಗಳಲ್ಲಿ ತೀರ್ಮಾನ. ಓದಲು ಚೆನ್ನಾಗಿದೆ. ಆದರೆ ಸದಸ್ಯರನ್ನು ಆರಿಸುವ ವಿಧಾನವನ್ನು ಸಂಹಿತೆ ನಿಯಮಗಳಿಗೆ ಬಿಟ್ಟಿದೆ. ನಮ್ಮ ಕಾರ್ಖಾನೆಗಳ ಮಟ್ಟಿಗೆ ಆ ನಿಯಮ ಬರೆಯುವವರು ನೀವು.

ಆದ್ದರಿಂದ ಕೇಳುತ್ತಿದ್ದೇನೆ. ಕಾರ್ಮಿಕ ಸದಸ್ಯರು ಗುಪ್ತ ಮತದಾನದಿಂದಲೇ ಆಯ್ಕೆಯಾಗಲಿ. ಮತದಾನ ಸಂಬಳದ ವೇಳೆಯಲ್ಲಿ, ನಿಮ್ಮ ಇಲಾಖೆಯ ಅಧಿಕಾರಿಯ ಎದುರಿನಲ್ಲಿ ನಡೆಯಲಿ. ನಡಾವಳಿ ಕನ್ನಡದಲ್ಲಿರಲಿ, ಒಡಿಶಾ, ಜಾರ್ಖಂಡಿನಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗಿಯರಿಗಾಗಿ ಅವರ ಭಾಷೆಯಲ್ಲೂ ಗೇಟಿನ ಬಳಿ ಅಂಟಿಸಲಿ. ಎಲ್ಲಕ್ಕಿಂತ ಮುಖ್ಯವಾಗಿ, ಆಯ್ಕೆಯಾದವಳನ್ನು ಅವಧಿ ಮುಗಿದ ಮರುದಿನವೇ ಮನೆಗೆ ಕಳಿಸುವಂತಿರಬಾರದು. ಜರ್ಮನಿಯಲ್ಲಿ ಸಂಘದವರಾಗಲಿ ಅಲ್ಲದವರಾಗಲಿ ಎಲ್ಲ ಕೆಲಸಗಾರರೂ ಸೇರಿ ನಾಲ್ಕು ವರ್ಷಕ್ಕೊಮ್ಮೆ ಕಾರ್ಖಾನೆ ಮಂಡಳಿಯನ್ನು ಚುನಾಯಿಸುತ್ತಾರೆ. ಅದರ ಸದಸ್ಯರಿಗೆ ಅವಧಿ ಮುಗಿದ ಮೇಲೂ ಒಂದು ವರ್ಷ ವಜಾದಿಂದ ರಕ್ಷಣೆಯಿದೆ.

ಜರ್ಮನಿಯ ಹೆಸರು ಹೇಳಿ ಸಂಘವನ್ನು ಹೊರಗಿಡಲು ಹೊರಡುವವರಿಗೆ ಒಂದು ಮಾತು. ಅಲ್ಲಿ ಮಂಡಳಿ ಮುಷ್ಕರಕ್ಕೆ ಕರೆ ಕೊಡುವಂತಿಲ್ಲ. ಸಂಬಳದ ಚೌಕಾಸಿ ಮುಖ್ಯವಾಗಿ ಸಂಘಗಳದ್ದೇ. ನಮ್ಮ ಕುಂದುಕೊರತೆ ಸಮಿತಿ ನೋಡುವುದೂ ಒಬ್ಬೊಬ್ಬರ ದೂರನ್ನು ಮಾತ್ರ. ರಜೆ ಕೊಡದಿದ್ದರೆ, ಬೈದರೆ ಅಲ್ಲಿಗೆ ಹೋಗಬಹುದು, ಇಡೀ ಕಾರ್ಖಾನೆಯ ಕೂಲಿ ಹೆಚ್ಚಿಸಲು ಅದರಿಂದಾಗದು. ಸಮಿತಿಯಿದೆ ಎಂಬ ನೆಪದಲ್ಲಿ ಸಂಘ ಕಟ್ಟುವವರನ್ನು ಗೇಟಿನ ಹೊರಗೆ ನಿಲ್ಲಿಸಿದರೆ ನಿಮ್ಮ ಇಲಾಖೆ ಸುಮ್ಮನಿರಬಾರದು.

ಇದೇ ಪ್ರಶ್ನೆ ನಮ್ಮ ಮನೆಯ ಹುಡುಗರದ್ದೂ ಹೌದು. ಡೆಲಿವರಿ ಮಾಡುವವರಿಗಾಗಿ ನಿಮ್ಮ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿತು, ಕಂಪನಿಗಳಿಂದ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆಯುವ ಮಂಡಳಿ ಮಾಡಿತು. ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇನೆ. ಆದರೆ ಆ ಮಂಡಳಿಯಲ್ಲೂ ಕಾರ್ಮಿಕರ ಪ್ರತಿನಿಧಿಗಳನ್ನು ನೇಮಿಸುವುದು ಸರ್ಕಾರವೇ. ನೋಂದಾಯಿತ ಕಾರ್ಮಿಕರ ಪಟ್ಟಿ ಮಂಡಳಿಯ ಬಳಿಯೇ ಇರುವಾಗ, ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ, ಅವರಿಂದಲೇ ಮತ ಹಾಕಿಸುವುದಕ್ಕೆ ಏನು ಅಡ್ಡಿ?

ನಿಯಮಗಳನ್ನು ಅಂತಿಮಗೊಳಿಸುವ ಮೊದಲು ಪೀಣ್ಯ, ಬೊಮ್ಮನಹಳ್ಳಿ, ರಾಮನಗರ, ಮದ್ದೂರಿನ ಟೈಲರ್‌ಗಳನ್ನು ಕರೆದು, ಎಚ್‌ಆರ್‌ನವರು ಇಲ್ಲದ ಕೋಣೆಯಲ್ಲಿ ಒಮ್ಮೆ ಮಾತನಾಡಿಸಿ. ಭಾನುವಾರ ಕರೆದರೆ ಬರುತ್ತಾರೆ.

ಇತಿ,
ಮೈಸೂರು ರಸ್ತೆಯ ಒಬ್ಬ ಮಾಜಿ ಟೈಲರ್